ಲಕ್ವ ಲೆಕ್ಕಕ್ಕೆ ಸಿಗುತ್ತದೆ, ತಾಳ ತಪ್ಪಿದ ನಾಡಿ ಸಿಗುವುದಿಲ್ಲ



ನಮ್ಮ ಸಮಾಜದ ಪತ್ರಿಕೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಬರುವ ನಿಧನ ವಾರ್ತೆಗಳನ್ನು ಗಮನಿಸಿ. ಸಾವಿನ ಕಾರಣ ಎಂದು ಬರೆಯುವುದು ಮೂರು ನಾಲ್ಕೇ ಮಾತು: ಲಕ್ವ, ಹೃದಯಾಘಾತ, ವಯೋಸಹಜ ಕಾಯಿಲೆ, ಅಲ್ಪಕಾಲದ ಅಸ್ವಸ್ಥತೆ. ದುಃಖದಲ್ಲಿರುವ ಮನೆಯವರಿಗೆ ಆ ಹೊತ್ತಿಗೆ ಅಷ್ಟು ಸಾಕು. ಆದರೆ ಇಡೀ ದೇಶದ ಸಾವಿನ ಲೆಕ್ಕವನ್ನೂ ಹೆಚ್ಚುಕಡಿಮೆ ಇದೇ ರೀತಿ ಬರೆಯಲಾಗುತ್ತಿದೆ. ಯೋಚಿಸಬೇಕಾದದ್ದು ಇದನ್ನು.

ದೇಶದಲ್ಲಿ ಪಾರ್ಶ್ವವಾಯು, ಅಂದರೆ ನಾವು ಲಕ್ವ ಎನ್ನುವ ಕಾಯಿಲೆಯ ಹೊರೆ ಏರುತ್ತಿದೆ. ಅದರಲ್ಲಿ ಒಂದು ಪಾಲಿಗೆ, ಮುಖ್ಯವಾಗಿ ಹಿರಿಯರಲ್ಲಿ, ಮೂಲ ಇರುವುದು ಮಿದುಳಿನಲ್ಲಿ ಅಲ್ಲ, ಹೃದಯದಲ್ಲಿ. ಹೃದಯದ ಬಡಿತ ತಾಳ ತಪ್ಪಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಸೇರುತ್ತದೆ. ಈ ತಾಳ ತಪ್ಪುವ ಕಾಯಿಲೆಗೆ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್, ಚಿಕ್ಕದಾಗಿ ಎ.ಎಫ್. ಎನ್ನುತ್ತಾರೆ. ಲಕ್ವ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ, ಎ.ಎಫ್. ಕಾಣುವುದಿಲ್ಲ. ವ್ಯಾಪಾರ ಮಾಡುವ ಯಾರಿಗೂ ಗೊತ್ತಿರುವಂತೆ, ಖಾತೆಗೆ ಬಾರದ ಖರ್ಚನ್ನು ಯಾರೂ ತಡೆಯಲು ಹೋಗುವುದಿಲ್ಲ.

ಅಂಕಿ ಅಂಶ ಹೇಳುವುದೇನು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇತರ ಸಂಸ್ಥೆಗಳ ಜೊತೆ ಸೇರಿ ರಾಜ್ಯವಾರು ರೋಗಗಳ ಹೊರೆಯನ್ನು ಲೆಕ್ಕ ಹಾಕಿದೆ. ಅದರ ಪ್ರಕಾರ 1990ರಲ್ಲಿ ದೇಶದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ. 15.2. 2016ಕ್ಕೆ ಅದು ಶೇ. 28.1. ಇದರೊಳಗೆ ಲಕ್ವ ಒಂದರದೇ ಪಾಲು ಶೇ. 7.1. ಅಂದರೆ ದೇಶದಲ್ಲಿ ಸುಮಾರು ಹದಿನಾಲ್ಕು ಸಾವುಗಳಲ್ಲಿ ಒಂದು ಲಕ್ವದಿಂದ ಆಗುತ್ತದೆ. ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 70 ವರ್ಷ ದಾಟಿರಲಿಲ್ಲ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವೂ ಇದೆ. ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಂ ಕಡೆ ಲಕ್ವದ ಹೊರೆ ಹೆಚ್ಚು.

ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. 2021ರಲ್ಲಿ ಸುಮಾರು 1.19 ಕೋಟಿ ಜನರಿಗೆ ಹೊಸದಾಗಿ ಲಕ್ವ ಬಡಿದಿದೆ, ಸುಮಾರು 73 ಲಕ್ಷ ಜನ ಸತ್ತಿದ್ದಾರೆ. 1990ಕ್ಕೆ ಹೋಲಿಸಿದರೆ ಸಾವಿನ ಸಂಖ್ಯೆ ಶೇ. 44ರಷ್ಟು ಹೆಚ್ಚು. ಆದರೆ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಸಾವಿನ ದರ ಇಳಿದಿದೆ.

ಇದು ಹೇಗೆ ಸಾಧ್ಯ ಎಂದು ಓದುಗರು ಕೇಳಬಹುದು. ಅಂಗಡಿಯ ಉದಾಹರಣೆ ತೆಗೆದುಕೊಳ್ಳಿ. ಮೊದಲು ನೂರು ಮೂಟೆಗೆ ಐದು ಮೂಟೆ ಹಾಳಾಗುತ್ತಿತ್ತು, ಈಗ ಮೂರೇ ಹಾಳಾಗುತ್ತಿದೆ. ದರ ಇಳಿಯಿತು. ಆದರೆ ಗೋದಾಮಿನಲ್ಲಿ ಮೊದಲು ನೂರು ಮೂಟೆ ಇತ್ತು, ಈಗ ಮುನ್ನೂರು ಇದೆ. ಹಾಳಾದದ್ದು ಐದರಿಂದ ಒಂಬತ್ತಕ್ಕೆ ಏರಿತು. ಲಕ್ವದ ವಿಷಯದಲ್ಲೂ ಹೀಗೇ. ಚಿಕಿತ್ಸೆ ಸುಧಾರಿಸಿದೆ, ಬಿ.ಪಿ. ಮಾತ್ರೆ ಹಳ್ಳಿಗೂ ಬಂದಿದೆ. ಆದರೆ ಜನಸಂಖ್ಯೆ ಬೆಳೆದಿದೆ, ಅದರಲ್ಲೂ ವಯಸ್ಸಾದವರ ಸಂಖ್ಯೆ ಬೆಳೆದಿದೆ. ದರ ಇಳಿದಿದೆ ಎಂದು ಸಮಾಧಾನ ಪಡುವ ಹಾಗಿಲ್ಲ, ಮನೆಗಳಿಗೆ ಬರುವ ಕಷ್ಟ ಸಂಖ್ಯೆಯಲ್ಲಿ ಬರುತ್ತದೆ.

ನಮ್ಮ ಸಮಾಜಕ್ಕೆ ಇದು ಯಾಕೆ ಹೆಚ್ಚು ಅನ್ವಯ

2011ರ ಜನಗಣತಿಯಲ್ಲಿ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನ ಮಹಿಳೆಯರ ಸರಾಸರಿ ಮಕ್ಕಳ ಸಂಖ್ಯೆ 1.6, ಇಡೀ ದೇಶದ್ದು 2.0. ಮಕ್ಕಳು ಕಡಿಮೆ ಆದಂತೆ ಸಮಾಜದಲ್ಲಿ ಹಿರಿಯರ ಪಾಲು ಹೆಚ್ಚುತ್ತದೆ. ದೇಶದಲ್ಲಿ 2022ರಲ್ಲಿ 60 ದಾಟಿದವರು ನೂರಕ್ಕೆ ಹತ್ತೂವರೆ ಇದ್ದರು, 2050ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ದಾಟುತ್ತದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ನಮ್ಮಲ್ಲಿ ಆ ದಿನ ಇನ್ನೂ ಬೇಗ ಬರುತ್ತದೆ ಎಂದು ತಿಳಿಯಲು ದೊಡ್ಡ ಗಣಿತ ಬೇಡ. ಬಸದಿಗೆ ಬೆಳಗಿನ ಪೂಜೆಗೆ ಬರುವವರ ತಲೆಗೂದಲು ನೋಡಿದರೆ ಸಾಕು.

ವಯಸ್ಸು ಮುಖ್ಯ ಆಗುವುದು ಇಲ್ಲಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ದಶಕಗಳ ಕಾಲ ಜನರನ್ನು ಹಿಂಬಾಲಿಸಿ ನಡೆಸಿದ ಪ್ರಸಿದ್ಧ ಅಧ್ಯಯನದಲ್ಲಿ, ಎ.ಎಫ್. ಇದ್ದವರಿಗೆ ಲಕ್ವ ಬಡಿಯುವ ಸಂಭವ ಸುಮಾರು ಐದು ಪಟ್ಟು ಎಂದು ಕಂಡುಬಂತು. ಐವತ್ತರ ವಯಸ್ಸಿನಲ್ಲಿ ಬರುವ ಲಕ್ವಗಳಲ್ಲಿ ಎ.ಎಫ್.ನ ಪಾಲು ಶೇ. 1.5 ಮಾತ್ರ. ಎಂಬತ್ತರ ವಯಸ್ಸಿನಲ್ಲಿ ಅದು ಶೇ. 23.5. ಎಂಬತ್ತು ದಾಟಿದ ಅಜ್ಜ ಅಜ್ಜಿಯರಿಗೆ ಬಡಿಯುವ ಲಕ್ವಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಎಂದು ಇಟ್ಟುಕೊಳ್ಳಿ. ಹೀಗೆ ಬಂದ ಲಕ್ವ ಸಾಮಾನ್ಯವಾಗಿ ಹೆಚ್ಚು ಭಾರಿ ಇರುತ್ತದೆ, ಬದುಕುಳಿದವರು ಹಾಸಿಗೆ ಹಿಡಿಯುವುದೂ ಹೆಚ್ಚು.

"ನಾವು ಮಾಂಸ ಮುಟ್ಟುವುದಿಲ್ಲ, ಮದ್ಯ ಮುಟ್ಟುವುದಿಲ್ಲ, ರಾತ್ರಿ ಊಟ ಮಾಡುವುದಿಲ್ಲ, ನಮಗೆಲ್ಲಿ ಲಕ್ವ?" ಎನ್ನುವವರು ನಮ್ಮಲ್ಲಿ ಬಹಳ. ಮದ್ಯ, ತಂಬಾಕು ಬಿಟ್ಟದ್ದು ನಿಜವಾಗಿಯೂ ದೊಡ್ಡ ರಕ್ಷಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕರಿದ ತಿಂಡಿ ನಮ್ಮ ಅಡುಗೆಮನೆಯಲ್ಲಿ ಕಡಿಮೆಯೇನೂ ಇಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಭಾರತೀಯರು ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತಾರೆ. ಅದರ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದ ಮುಂದೆ ಕೂತಿರುವ ವೃತ್ತಿ ನಮ್ಮಲ್ಲಿ ಅನೇಕರದು. ಲಕ್ವಕ್ಕೂ ಎ.ಎಫ್.ಗೂ ಮೊದಲ ಶತ್ರು ಏರಿದ ಬಿ.ಪಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಜನರಿಗೆ ಬಿ.ಪಿ. ಹೆಚ್ಚಿದೆ, ಶೇ. 11.4 ಜನರಿಗೆ ಸಕ್ಕರೆ ಕಾಯಿಲೆ ಇದೆ. ಈ ಎರಡೂ ಸಸ್ಯಾಹಾರಿ, ಮಾಂಸಾಹಾರಿ ಎಂದು ನೋಡಿ ಬರುವುದಿಲ್ಲ.

ತಾಳ ತಪ್ಪಿದಾಗ ಒಳಗೆ ಆಗುವುದೇನು

ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ಕೋಣೆ ರಕ್ತ ತುಂಬಿಕೊಂಡು ಕೆಳಗಿನ ಎರಡಕ್ಕೆ ತಳ್ಳಬೇಕು. ಎ.ಎಫ್. ಇದ್ದಾಗ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸುವ ಬದಲು ಸುಮ್ಮನೆ ಅದುರುತ್ತವೆ. ರಕ್ತ ಅಲ್ಲಿ ನಿಲ್ಲುತ್ತದೆ. ಎಡ ಮೇಲ್ಕೋಣೆಗೆ ಅಂಟಿಕೊಂಡು ಸಣ್ಣ ಚೀಲದಂಥ ಒಂದು ಭಾಗ ಇದೆ, ಹೆಪ್ಪು ಕಟ್ಟುವುದು ಹೆಚ್ಚಾಗಿ ಅಲ್ಲೇ. ನಿಂತ ನೀರಿನಲ್ಲಿ ಪಾಚಿ ಕಟ್ಟಿದ ಹಾಗೆ. ಆ ಹೆಪ್ಪಿನ ತುಂಡು ಒಂದು ದಿನ ಕಳಚಿ ರಕ್ತದ ಜೊತೆ ಹರಿದು ಮಿದುಳಿನ ನಾಳವನ್ನು ಮುಚ್ಚುತ್ತದೆ.

ಕೆಲವರಿಗೆ ಎದೆ ಡವಡವ, ಏದುಸಿರು, ಸುಸ್ತು, ತಲೆ ಹಗುರಾದ ಹಾಗೆ ಅನ್ನಿಸುತ್ತದೆ. ಅನೇಕರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ತಾಳ ಬಂದು ಹೋಗಿ ಮಾಡುತ್ತದೆ, ಪರೀಕ್ಷೆಗೆ ಹೋದ ದಿನ ಸರಿಯಾಗಿಯೇ ಇರುತ್ತದೆ. ಮೊದಲ ಸೂಚನೆಯೇ ಲಕ್ವ ಆಗಿರುವ ಮನೆಗಳೂ ಉಂಟು.

ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಇದೆ. ಚಿಕ್ಕಂದಿನಲ್ಲಿ ಗಂಟಲು ಸೋಂಕಿನ ನಂತರ ಕೀಲುಗಳಿಗೆ ಬರುವ ಜ್ವರದಿಂದ ಹೃದಯದ ಕವಾಟ ಕೆಟ್ಟವರು ಇನ್ನೂ ಇದ್ದಾರೆ. ಇವರಿಗೆ ನಲವತ್ತು ಐವತ್ತಕ್ಕೇ ತಾಳ ತಪ್ಪಬಹುದು. ಇವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಸಾವಿನ ಪತ್ರದಲ್ಲಿ ಎ.ಎಫ್. ಯಾಕೆ ಕಾಣೆ

ನಮ್ಮಲ್ಲಿ ಮರಣ ನೋಂದಣಿ ಸುಧಾರಿಸಿದೆ. ಆದರೆ ವೈದ್ಯರು ಕಾರಣ ಬರೆದು ದೃಢಪಡಿಸಿದ ಸಾವುಗಳು ಕಡಿಮೆ. 2020ರಲ್ಲಿ ನೋಂದಣಿ ಆದ ಸಾವುಗಳಲ್ಲಿ ಶೇ. 22.5ಕ್ಕೆ ಮಾತ್ರ ವೈದ್ಯಕೀಯ ದೃಢೀಕರಣ ಇತ್ತು. ಅವುಗಳಲ್ಲಿ ಶೇ. 32.1 ಹೃದಯ ಮತ್ತು ರಕ್ತನಾಳದ ಕಾಯಿಲೆಗಳು. ಉಳಿದ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾವುಗಳಿಗೆ ವೈದ್ಯರು ಬರೆದ ಕಾರಣವೇ ಇಲ್ಲ.

ಹಾಗಾದರೆ ದೇಶದ ಅಂದಾಜು ಎಲ್ಲಿಂದ ಬರುತ್ತದೆ? ಒಂದು ಮುಖ್ಯ ದಾರಿ, ಆಯ್ದ ಪ್ರದೇಶಗಳಲ್ಲಿ ಸಾವು ನಡೆದ ಮನೆಗೆ ಹೋಗಿ ಮನೆಯವರನ್ನು ವಿಚಾರಿಸಿ ಕಾರಣ ಗೊತ್ತುಮಾಡುವುದು. ಇದರಲ್ಲಿ ಲಕ್ವ ಸಿಗುತ್ತದೆ. "ಒಂದು ಕೈ ಕಾಲು ಬಿದ್ದುಹೋಯಿತು, ಮಾತು ನಿಂತಿತು" ಎಂದು ಯಾವ ಮನೆಯವರೂ ಹೇಳಬಲ್ಲರು. ಆದರೆ ಎ.ಎಫ್. ಇತ್ತೇ ಎಂದು ಮನೆಯವರು ಹೇಗೆ ಹೇಳಬೇಕು? ಅದು ಇಸಿಜಿ ಕಾಗದದಲ್ಲಿ ಮಾತ್ರ ಖಚಿತವಾಗಿ ಕಾಣುವಂಥದ್ದು.

ಆಸ್ಪತ್ರೆಯಲ್ಲಿ ಸತ್ತವರಿಗೆ ಫಾರಂ 4, ಮನೆಯಲ್ಲಿ ಸತ್ತವರಿಗೆ ನೋಡುತ್ತಿದ್ದ ವೈದ್ಯರಿಂದ ಫಾರಂ 4ಎ. ಇದರಲ್ಲಿ ಎರಡು ಭಾಗ ಇದೆ. ಮೊದಲ ಭಾಗದಲ್ಲಿ ತಕ್ಷಣದ ಕಾರಣ, ಅದಕ್ಕೆ ಕಾರಣ ಏನು, ಅದಕ್ಕೂ ಮೂಲ ಏನು ಎಂದು ಒಂದರ ಕೆಳಗೆ ಒಂದು ಬರೆಯಬೇಕು. ಎರಡನೇ ಭಾಗದಲ್ಲಿ ಜೊತೆಗಿದ್ದ ಬೇರೆ ಕಾಯಿಲೆಗಳು. ಸರಿಯಾಗಿ ತುಂಬಿದರೆ ಸರಪಳಿ ಪೂರ್ತಿ ಕಾಣುತ್ತದೆ. ಬಹಳ ಸಲ "ಹೃದಯ ಸ್ತಂಭನ" ಎಂದು ಒಂದೇ ಸಾಲು ಬರೆದು ಮುಗಿಸುತ್ತಾರೆ. ಯಾರು ಸತ್ತರೂ ಕೊನೆಗೆ ಹೃದಯ ನಿಲ್ಲಲೇಬೇಕಲ್ಲ, ಅದು ಕಾರಣ ಆಗುವುದಿಲ್ಲ. ಅಂಗಡಿ ಮುಚ್ಚಿತು ಯಾಕೆ ಎಂದರೆ ಬಾಗಿಲು ಹಾಕಿದ್ದರಿಂದ ಎಂದ ಹಾಗೆ.

1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಆಸ್ಪತ್ರೆಗಳು ಸಾವಿನ ಕಾರಣದ ಪತ್ರವನ್ನು ನೋಂದಣಾಧಿಕಾರಿಗೆ ಕೊಡಬೇಕು, ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕು. ಈ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ಆಸ್ತಿ ಕಾಗದದಷ್ಟೇ ಜೋಪಾನವಾಗಿ ಇಡಿ. ತಂದೆ ತಾಯಿಗೆ ಏನಾಗಿತ್ತು ಎಂಬುದು ಮಕ್ಕಳ ಆರೋಗ್ಯಕ್ಕೂ ಬೇಕಾದ ಮಾಹಿತಿ.

ಹೆಚ್ಚುಕಡಿಮೆ ಪ್ರತಿ ಸಾವಿಗೂ ಕಾರಣದ ಪತ್ರ ಇರುವ ದೇಶದಲ್ಲಿ ಎ.ಎಫ್. ಹೇಗೆ ಕಾಣುತ್ತದೆ ಎಂದು ನೋಡಲು ಅಮೆರಿಕ ಒಳ್ಳೆಯ ಉದಾಹರಣೆ. ಅಲ್ಲಿ ಲಕ್ವದ ಸಾವಿನ ದರ ದಶಕಗಳ ಕಾಲ ಇಳಿಯುತ್ತಾ ಬಂದು, 2013ರ ನಂತರ ಆ ಇಳಿಕೆ ನಿಂತುಹೋಯಿತು ಎಂದು ಅಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿ 2017ರಲ್ಲಿ ಎಚ್ಚರಿಸಿತು. ಎ.ಎಫ್. ಉಲ್ಲೇಖ ಇರುವ ಸಾವುಗಳ ದರ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಏರುತ್ತಲೇ ಇದೆ. 2021ರಲ್ಲಿ ಸುಮಾರು 2.32 ಲಕ್ಷ ಮರಣ ಪತ್ರಗಳಲ್ಲಿ ಎ.ಎಫ್. ಹೆಸರಿತ್ತು. ಅದರಲ್ಲಿ ಮೂಲ ಕಾರಣ ಎಂದು ಬರೆದದ್ದು ಸುಮಾರು 28 ಸಾವಿರದಲ್ಲಿ ಮಾತ್ರ. ಎಂಟರಲ್ಲಿ ಒಂದು. ಅಷ್ಟು ಅಚ್ಚುಕಟ್ಟಾದ ಲೆಕ್ಕದಲ್ಲೇ ಎ.ಎಫ್. ಎಂಟರಲ್ಲಿ ಏಳು ಸಲ ಹಿಂದಿನ ಸಾಲಿನಲ್ಲಿ ನಿಲ್ಲುತ್ತದೆ ಎಂದಾದರೆ, ಇಸಿಜಿಯನ್ನೇ ಮಾಡಿಸದ ನಮ್ಮಲ್ಲಿ ಅದು ಕಾಣುವುದು ಎಲ್ಲಿ?

ತಡೆಯಲು ಬರುತ್ತದೆ, ಅದೇ ಮುಖ್ಯ

ಎ.ಎಫ್. ಗೊತ್ತಾದರೆ ಅದರಿಂದ ಬರುವ ಲಕ್ವವನ್ನು ಬಹುಮಟ್ಟಿಗೆ ತಡೆಯಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಗಳಿವೆ, ಜನ ಅವನ್ನು ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತಾರೆ. ಹಳೆಯ ವಾರ್ಫರಿನ್ ಮಾತ್ರೆ ಎ.ಎಫ್. ಇದ್ದವರಲ್ಲಿ ಲಕ್ವವನ್ನು ಶೇ. 64ರಷ್ಟು ಕಡಿಮೆ ಮಾಡುತ್ತದೆ ಎಂದು ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದ ಲೆಕ್ಕ ಹೇಳುತ್ತದೆ. ಆಸ್ಪಿರಿನ್ ಮುಂತಾದ ಮಾತ್ರೆಗಳಿಂದ ಸಿಗುವುದು ಶೇ. 22ರಷ್ಟು ಮಾತ್ರ. "ದಿನಾ ಒಂದು ಆಸ್ಪಿರಿನ್ ತಗೊಳ್ತೀನಿ, ಸಾಕು" ಎಂಬ ಮಾತು ಎ.ಎಫ್. ವಿಷಯದಲ್ಲಿ ಸಾಕಾಗುವುದಿಲ್ಲ.

ಯಾರಿಗೆ ಈ ಮಾತ್ರೆ ಬೇಕು ಎಂದು ವೈದ್ಯರು ಅಂಕ ಹಾಕಿ ನಿರ್ಧರಿಸುತ್ತಾರೆ. ಬಿ.ಪಿ., ಸಕ್ಕರೆ, ಹೃದಯದ ದೌರ್ಬಲ್ಯಕ್ಕೆ ಒಂದೊಂದು ಅಂಕ. 65 ದಾಟಿದರೆ 1, 75 ದಾಟಿದರೆ 2. ಹಿಂದೆ ಲಕ್ವ ಆಗಿದ್ದರೆ 2. "ವಯಸ್ಸಾಯಿತು, ಇನ್ನೇನು ಮಾತ್ರೆ" ಎಂದು ಮನೆಯವರು ಹೇಳುವ ವಯಸ್ಸಿನಲ್ಲೇ ಮಾತ್ರೆಯ ಲಾಭ ಹೆಚ್ಚು ಎಂಬುದನ್ನು ಈ ಅಂಕಗಳು ತೋರಿಸುತ್ತವೆ.

ಈಗ ಅಪಿಕ್ಸಾಬಾನ್, ರಿವರಾಕ್ಸಾಬಾನ್, ಡಬಿಗಾಟ್ರಾನ್ ಎಂಬ ಹೊಸ ಔಷಧಿಗಳಿವೆ. ಇವಕ್ಕೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಪದೇ ಪದೇ ಬೇಡ. ಪೇಟೆಂಟ್ ಅವಧಿ ಮುಗಿದು ನಮ್ಮ ದೇಶದ ಹಲವು ಕಂಪನಿಗಳು ತಯಾರಿಸುತ್ತಿರುವುದರಿಂದ ಬೆಲೆಯೂ ಇಳಿದಿದೆ. ಆದರೆ ಕೀಲು ಜ್ವರದಿಂದ ಕವಾಟ ಕೆಟ್ಟು ಎ.ಎಫ್. ಬಂದವರಿಗೆ ಹಳೆಯ ಬಗೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ, ಭಾರತದ ರೋಗಿಗಳೂ ಇದ್ದ ದೊಡ್ಡ ಅಧ್ಯಯನದಲ್ಲಿ ಕಂಡುಬಂತು. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ಬದಲಿಸಬಾರದು.

ವ್ರತ ಮತ್ತು ಮಾತ್ರೆ

ನಮ್ಮ ಮನೆಗಳಲ್ಲಿ ಮಾತ್ರೆ ತಪ್ಪುವುದು ಮರೆವಿನಿಂದ ಮಾತ್ರ ಅಲ್ಲ, ವ್ರತದಿಂದಲೂ ತಪ್ಪುತ್ತದೆ. ಇದನ್ನು ಬೇರೆಯವರು ಬರೆಯುವುದಿಲ್ಲ, ನಾವೇ ಬರೆದುಕೊಳ್ಳಬೇಕು. ಮುನಿಗಳು, ಆರ್ಯಿಕೆಯರ ಚರ್ಯೆ ಬೇರೆ, ಇಲ್ಲಿ ಹೇಳುವುದು ಶ್ರಾವಕ ಶ್ರಾವಿಕೆಯರಿಗೆ.

ಮೊದಲನೆಯದು ಸೊಪ್ಪಿನ ವಿಷಯ. ವಾರ್ಫರಿನ್, ಅಸಿನೊಕುಮರಾಲ್ ಮಾತ್ರೆಗಳು ವಿಟಮಿನ್ ಕೆ ವಿರುದ್ಧ ಕೆಲಸ ಮಾಡುತ್ತವೆ, ಹಸಿರು ಸೊಪ್ಪಿನಲ್ಲಿ ಈ ವಿಟಮಿನ್ ಹೆಚ್ಚು. ಅಷ್ಟಮಿ, ಚತುರ್ದಶಿಗೆ ಹಸಿರು ಬಿಡುವವರು, ಚಾತುರ್ಮಾಸದ ಉದ್ದಕ್ಕೂ ಸೊಪ್ಪು ತ್ಯಾಗ ಮಾಡುವವರು ನಮ್ಮಲ್ಲಿ ಅನೇಕರು. ತಿಂಗಳುಗಟ್ಟಲೆ ಸೊಪ್ಪು ಬಿಟ್ಟರೆ ಅದೇ ಪ್ರಮಾಣದ ಮಾತ್ರೆ ಹೆಚ್ಚಾಗಿ ಪರಿಣಮಿಸಿ ರಕ್ತಸ್ರಾವ ಆಗಬಹುದು. ಚಾತುರ್ಮಾಸ ಮುಗಿದು ಒಮ್ಮೆಗೇ ಸೊಪ್ಪು ತಿನ್ನಲು ಶುರು ಮಾಡಿದರೆ ಮಾತ್ರೆಯ ಬಲ ಕುಗ್ಗಿ ಹೆಪ್ಪು ಕಟ್ಟಬಹುದು. ವ್ರತ ಬಿಡಬೇಕಾಗಿಲ್ಲ. ಚಾತುರ್ಮಾಸಕ್ಕೆ ಮೊದಲೇ ವೈದ್ಯರಿಗೆ ತಿಳಿಸಿ, ಶುರುವಿನಲ್ಲೂ ಕೊನೆಯಲ್ಲೂ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಂಡರೆ ಅವರು ಪ್ರಮಾಣ ಸರಿಮಾಡುತ್ತಾರೆ.

ಎರಡನೆಯದು ರಾತ್ರಿ ಮಾತ್ರೆ. ಅಪಿಕ್ಸಾಬಾನ್, ಡಬಿಗಾಟ್ರಾನ್ ದಿನಕ್ಕೆ ಎರಡು ಸಲ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಚೌವಿಹಾರ ಇರುವವರು ಎರಡನೇ ಮಾತ್ರೆಯನ್ನೇ ಬಿಟ್ಟುಬಿಡುವುದುಂಟು. ಈ ಔಷಧಿಗಳ ಪರಿಣಾಮ ಒಂದು ದಿನದೊಳಗೆ ಇಳಿದುಹೋಗುತ್ತದೆ. ಅರ್ಧ ತೆಗೆದುಕೊಂಡರೆ ರಕ್ಷಣೆಯೂ ಅರ್ಧಕ್ಕೇ ನಿಲ್ಲುತ್ತದೆ. ಬೆಳಗ್ಗೆ ಆರೂವರೆಗೆ ಒಂದು, ಸಂಜೆ ಸೂರ್ಯಾಸ್ತಕ್ಕೆ ಮೊದಲು ಒಂದು ಎಂದು ಹೊತ್ತು ಗೊತ್ತುಮಾಡಿಕೊಳ್ಳಬಹುದೇ ಎಂದು ವೈದ್ಯರನ್ನೇ ಕೇಳಿ. ಎ.ಎಫ್.ಗೆ ಕೊಡುವ ರಿವರಾಕ್ಸಾಬಾನ್ ದಿನಕ್ಕೆ ಒಂದೇ ಸಲ, ಆದರೆ ಊಟದ ಜೊತೆಗೇ ತೆಗೆದುಕೊಳ್ಳಬೇಕು.

ಮೂರನೆಯದು ಉಪವಾಸ. ದಶಲಕ್ಷಣ, ಪರ್ಯೂಷಣದ ದಿನಗಳಲ್ಲಿ ಹಿರಿಯರು ನೀರೂ ಇಲ್ಲದೆ ಉಪವಾಸ ಮಾಡುತ್ತಾರೆ. ದೇಹದ ನೀರು, ಪೊಟ್ಯಾಷಿಯಂ ಏರುಪೇರಾದಾಗ ಹೃದಯದ ತಾಳ ತಪ್ಪುವ ಸಂಭವ ಹೆಚ್ಚು, ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ನಮ್ಮ ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪ ಎಂಬುದೂ ಒಂದು, ಅಂದರೆ ಶಕ್ತಿಗೆ ತಕ್ಕಂತೆ ತಪ. ತನ್ನ ಶಕ್ತಿ ಎಷ್ಟು ಎಂದು ತಿಳಿದು, ಗುರುಗಳ ಬಳಿ ಹೇಳಿಕೊಂಡು, ಏಕಾಶನವನ್ನೋ ರಸತ್ಯಾಗವನ್ನೋ ಸ್ವೀಕರಿಸುವುದು ಧರ್ಮಕ್ಕೆ ಹೊರತಾದದ್ದಲ್ಲ.

ನಾಲ್ಕನೆಯದು ಕ್ಯಾಪ್ಸೂಲ್. ಜೆಲಟಿನ್ ಹೊದಿಕೆ ಪ್ರಾಣಿಜನ್ಯ ಎಂಬ ಅಳುಕಿನಿಂದ ಔಷಧಿಯನ್ನೇ ನಿಲ್ಲಿಸುವವರಿದ್ದಾರೆ. ಈ ಗುಂಪಿನ ಔಷಧಿಗಳಲ್ಲಿ ಹೆಚ್ಚಿನವು ಮಾತ್ರೆ ರೂಪದಲ್ಲೇ ಸಿಗುತ್ತವೆ. ಬದಲಿಸಿ ಕೊಡಿ ಎಂದು ಕೇಳಿ, ನಿಲ್ಲಿಸಬೇಡಿ.

ರಕ್ತಸ್ರಾವದ ಭಯ ಸುಳ್ಳಲ್ಲ. ಕಪ್ಪು ಮಲ, ಮೂತ್ರದಲ್ಲಿ ರಕ್ತ, ತಲೆಗೆ ಪೆಟ್ಟು ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆ ಜೊತೆ ಸೇರಿದರೆ ಅಪಾಯ ಹೆಚ್ಚು. ಹಲ್ಲು ಕೀಳಿಸುವಾಗ, ಕಣ್ಣಿನ ಆಪರೇಷನ್‌ಗೆ ಮೊದಲು ಕೇಳದೆ ತಾವಾಗಿಯೇ ನಿಲ್ಲಿಸಬಾರದು.

ಲಕ್ವ ಬಡಿದಾಗ

ಮುಖ ಒಂದು ಕಡೆ ಸೊಟ್ಟ, ಒಂದು ಕೈ ಎತ್ತಲಾಗದು, ಮಾತು ತೊದಲು. ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಮುಚ್ಚಿದಾಗ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕ ಇದೆ. ಬಾಯಿಗೆ ನೀರು, ಹಾಲು ಹಾಕಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಆಸ್ಪಿರಿನ್ ಕೂಡ ಬೇಡ. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂದು ಸಿ.ಟಿ. ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ, ಒಡೆದಿದ್ದರೆ ಆಸ್ಪಿರಿನ್ ವಿಷ ಆಗುತ್ತದೆ.

ಬೆಂಗಳೂರಿನಲ್ಲಿರುವ ಐಸಿಎಂಆರ್‌ನ ರೋಗ ಮಾಹಿತಿ ಕೇಂದ್ರ ದೇಶದ 30 ಆಸ್ಪತ್ರೆಗಳಿಂದ ಸುಮಾರು 35 ಸಾವಿರ ಲಕ್ವ ರೋಗಿಗಳ ವಿವರ ಕಲೆಹಾಕಿದೆ. ನಾಲ್ಕೂವರೆ ಗಂಟೆಯೊಳಗೆ ಬಂದವರು ಐವರಲ್ಲಿ ಒಬ್ಬರು. ಒಂದು ದಿನ ಕಳೆದ ಮೇಲೆ ಬಂದವರು ಐವರಲ್ಲಿ ಹೆಚ್ಚುಕಡಿಮೆ ಇಬ್ಬರು. ನಾಲ್ವರಲ್ಲಿ ಮೂವರಿಗೆ ಬಿ.ಪಿ. ಇತ್ತು. ಲಕ್ವಕ್ಕೆ ನಾಟಿ ಔಷಧಿ ಕೊಡುವ ಊರು ಹುಡುಕಿಕೊಂಡು ಹೋಗುವ ಪದ್ಧತಿ ನಮ್ಮ ರಾಜ್ಯದಲ್ಲಿ ಇನ್ನೂ ಬಲವಾಗಿದೆ. ಮೊದಲ ದಿನ ಆ ದಾರಿ ಹಿಡಿದರೆ ಆ ನಾಲ್ಕೂವರೆ ಗಂಟೆ ದಾರಿಯಲ್ಲೇ ಮುಗಿಯುತ್ತದೆ. ನಿಮ್ಮ ಊರಿಗೆ ಹತ್ತಿರ ಹಗಲು ರಾತ್ರಿ ಸಿ.ಟಿ. ಸ್ಕ್ಯಾನ್ ಇದ್ದು ಈ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಅಡುಗೆಮನೆ ಗೋಡೆಗೆ ಅಂಟಿಸಿ.

ಸಂಘ ಸಂಸ್ಥೆಗಳು ಮಾಡಬಹುದಾದದ್ದು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದ ಪರಂಪರೆ ನಮ್ಮದು. ಮಹಾವೀರ ಜಯಂತಿಗೆ ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡದ ಊರಿಲ್ಲ. ಅದೇ ಶಿಬಿರದಲ್ಲಿ ಇನ್ನೊಂದು ಮೇಜು ಹಾಕಲು ಹೆಚ್ಚು ಖರ್ಚಿಲ್ಲ. 65 ದಾಟಿದ ಪ್ರತಿಯೊಬ್ಬರ ಬಿ.ಪಿ. ನೋಡಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಪೂರ್ತಿ ನಾಡಿ ಎಣಿಸುವುದು. ಬಡಿತ ಸಮನಾಗಿ ಬರದೆ ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಬಂದರೆ ಅಂಥವರಿಗೆ ಅಲ್ಲೇ ಇಸಿಜಿ ಮಾಡಿಸುವುದು. ನಾಡಿ ನೋಡುವುದನ್ನು ಹತ್ತು ನಿಮಿಷದಲ್ಲಿ ಕಲಿಸಬಹುದು. ಯುವಕ ಮಂಡಲ, ಮಹಿಳಾ ಸಮಾಜದವರು ಯಾರೂ ಕಲಿಯಬಹುದು. ಎಲ್ಲ ತಾಳ ತಪ್ಪುವಿಕೆಯೂ ಎ.ಎಫ್. ಅಲ್ಲ, ಆದ್ದರಿಂದ ಹೆದರಿಸಬಾರದು, ಇಸಿಜಿಗೆ ಕಳಿಸಬೇಕು ಅಷ್ಟೇ.

ಚಾತುರ್ಮಾಸ ಶುರುವಾಗುವ ಹದಿನೈದು ದಿನ ಮೊದಲು ಈ ಶಿಬಿರ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಯಾರಿಗೆ ಯಾವ ಮಾತ್ರೆ, ಯಾವ ವ್ರತ, ಯಾವ ಹೊತ್ತು ಎಂದು ವೈದ್ಯರ ಎದುರೇ ಕೂತು ತೀರ್ಮಾನಿಸಬಹುದು. ಪ್ರತಿ ಹಿರಿಯರ ಹೆಸರು, ವಯಸ್ಸು, ಬಿ.ಪಿ., ನಾಡಿ ಸಮ ಇದೆಯೋ ಇಲ್ಲವೋ, ಇಸಿಜಿ ಮಾಡಿಸಿದ ದಿನ, ಮಾತ್ರೆಯ ಹೆಸರು ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಅವರ ಕೈಗೇ ಕೊಡಿ. ಖಾಸಗಿ ವಿಷಯವಾದ್ದರಿಂದ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಮಾತ್ರೆ ಕೊಳ್ಳಲು ಕಷ್ಟ ಇರುವ ಕುಟುಂಬಗಳಿಗೆ ಔಷಧದಾನದ ನಿಧಿಯಿಂದ, ಹೆಸರು ಹೇಳದೆ, ತಿಂಗಳಿಗೆ ಇಷ್ಟು ಎಂದು ಕೊಡುವ ಏರ್ಪಾಡು ಆಗಲಿ.

ದೇಶದ ಲೆಕ್ಕ ಸರಿಯಾಗಲು ಇನ್ನೂ ವರ್ಷಗಳು ಬೇಕಾಗಬಹುದು. ನಮ್ಮ ಬಸದಿಯ, ನಮ್ಮ ಬೀದಿಯ ಹಿರಿಯರ ಲೆಕ್ಕವನ್ನು ಒಂದು ಭಾನುವಾರದಲ್ಲಿ ಬರೆದು ಮುಗಿಸಬಹುದು.